ಹಲಗೆಯ ಬಲಗಡೆ

ಕೊತ್ತಪಲ್ಲಿಯ ಪೆದ್ದಪ್ಪ ಹೋದ ಕಾರ್ತಿಕದಲ್ಲಿ ತೀರಿಕೊಂಡ. ಯುದ್ಧ ಮುಗಿದ ವರ್ಷ, ಮಧ್ಯಾಹ್ನದ ಹೊತ್ತು, ತನ್ನ ತಗ್ಗಿನ ಗದ್ದೆಯ ಬದುವಿನ ಮೇಲೆ. ಹಲಗೆಯಿಂದ ಬಿದ್ದು ಸತ್ತನೆಂದು ರಾಯಲ್ಪಾಡಿನ ಸಂತೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಅದು ಸುಳ್ಳು. ಬಿದ್ದಿರಲಿಲ್ಲ, ಕೂತಲ್ಲೇ ಹೋಗಿದ್ದ. ಮನೆಗೆ ತಂದು ಮಲಗಿಸಿದಾಗ ಬಲಗೈ ಮಾತ್ರ ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿಕೊಂಡೇ ಇತ್ತು. ಬಿಸಿನೀರು ಹೊಯ್ದು ನೋಡಿದರು, ನೀವಿ ನೋಡಿದರು, ಇಳಿಯಲಿಲ್ಲ. ಕೊನೆಗೆ ಗುಂಡಿಯನ್ನು ಒಂದು ಮಗ್ಗುಲಿಗೆ ಅಗಲ ಮಾಡಿ ಹಾಗೆಯೇ ಮಣ್ಣು ಮಾಡಿದರು. ವರ್ಷಗಟ್ಟಲೆ ಎದೆಗಿಂತ ಮೇಲೆ ಏಳದಿದ್ದ ಕೈ ಅದು.

ಅವನ ಸ್ನೇಹಿತರಿಗೆಲ್ಲ ಆ ಕೈಯ ಕತೆ ಅಷ್ಟಿಷ್ಟು ಗೊತ್ತಿತ್ತು. ಪೂರ್ತಿ ಗೊತ್ತಿದ್ದುದು ಅವನ ಹೆಂಡತಿ ಅಂಜಮ್ಮನೊಬ್ಬಳಿಗೆ.

ಪೆದ್ದಪ್ಪನನ್ನು ಊರು ನೆನೆಯುವುದು ಹಲಗೆಯಿಂದಲೇ. ನೀರು ನಿಲ್ಲಿಸಿ ಉತ್ತ ಗದ್ದೆಯನ್ನು ನಾಟಿಗೆ ಮುಂಚೆ ಸಮ ಮಾಡಬೇಕು. ಆಳುದ್ದಕ್ಕೂ ಮೀರಿದ ಹಲಗೆಯನ್ನು ಅಡ್ಡ ಇಟ್ಟು, ಎರಡು ತುದಿಗೂ ಹಗ್ಗ ಬಿಗಿದು ನೊಗಕ್ಕೆ ಕಟ್ಟಿ, ಮೇಲೆ ನಿಂತು ಎತ್ತು ಹೊಡೆದರೆ ಅದು ಕೆಸರಿನ ಮೇಲೆ ಜಾರುತ್ತ ಹೆಂಟೆ ಒಡೆಯುತ್ತ ಹೋಗುತ್ತದೆ. ಎಲ್ಲರೂ ಮಾಡುವ ಕೆಲಸವೇ. ಬೇರೆಯವರು ಬಿದ್ದೇವೆಂದು ಮೈ ಬಿಗಿಹಿಡಿದು ನಿಲ್ಲುತ್ತಿದ್ದರು. ಪೆದ್ದಪ್ಪ ಮೊಣಕಾಲು ಸ್ವಲ್ಪ ಬಗ್ಗಿಸಿ, ಹಗ್ಗ ಹಿಡಿದು ಹಿಂದಕ್ಕೆ ವಾಲಿ, ಎತ್ತುಗಳನ್ನು ಓಟಕ್ಕೆ ಬಿಟ್ಟನೆಂದರೆ ನೀರು ಎರಡು ಕಡೆಗೂ ರೆಕ್ಕೆ ಬಿಚ್ಚಿದಂತೆ ಏಳುತ್ತಿತ್ತು. ನಾಟಿಗೆ ಬಂದ ಹೆಂಗಸರು ಬದುವಿನ ಮೇಲೆ ಸೆರಗು ಅಡ್ಡ ಹಿಡಿದು ನಿಂತು ನೋಡುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆಯ, ಸಂತೆಯಲ್ಲಿ ಚೌಕಾಸಿ ಮಾಡಲು ನಾಚುವ ಮನುಷ್ಯ ಇವನೇನಾ ಎಂದು ಮದುವೆಯಾದ ಹೊಸತರಲ್ಲಿ ಅಂಜಮ್ಮನಿಗೆ ಬೆರಗಾಗಿತ್ತು.

ಹಲಗೆಯ ಮೇಲೆ ಅವನು ಒಬ್ಬನೇ ಇರುತ್ತಿರಲಿಲ್ಲ. ತಗ್ಗಿನ ಗದ್ದೆಯ ಮಣ್ಣು ಗಟ್ಟಿ, ಒಬ್ಬರ ತೂಕಕ್ಕೆ ಬಗ್ಗುವುದಲ್ಲ. ಅವನ ಬಲಕ್ಕೆ, ಅವನ ಬಲ ಭುಜದ ಮೇಲೆ ಎಡಗೈ ಇಟ್ಟು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಅಕ್ಕ ಬಚ್ಚಮ್ಮ ನಿಲ್ಲುತ್ತಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ದಪ್ಪ ಮೈ, ಅದಕ್ಕಿಂತ ದಪ್ಪ ಬಾಯಿ.

ಪಕ್ಕದ ಗದ್ದೆಯ ಕೋದಂಡರಾಮಪ್ಪ ಪ್ರತಿ ವರ್ಷ ಒಂದೇ ಮಾತಿನಿಂದ ಕೆಣಕುತ್ತಿದ್ದ.

"ಏನ್ಲಾ ಪೆದ್ದಪ್ಪ, ಅಕ್ಕನ್ನ ಸವಾರಿ ಕರ್ಕೊಂಡು ಹೊಂಟ್ಯಾ? ಎತ್ತಿನ ಮೇಲೆ ದಯೆ ಇರ್ಲಿ ಕಣೋ."

"ನೀನೂ ನಿನ್ ಹೆಂಡ್ತೀನ ಹತ್ತಿಸ್ಕೊಳೋ," ಎನ್ನುತ್ತಿದ್ದಳು ಬಚ್ಚಮ್ಮ. "ಆಮೇಲೆ ಎತ್ತು ಎಲ್ಲಿ, ಹಲಗೆ ಎಲ್ಲಿ ಅಂತ ಕೆಸರಲ್ಲಿ ಹುಡುಕ್ತಾ ಇರು."

ಸಂಜೆ ಎತ್ತು ಬಿಚ್ಚಿದ ಮೇಲೆ ಹಲಗೆಯನ್ನು ತೊಳೆದು, ಬದುವಿನ ಮೇಲೆ ಮುಖ ಕೆಳಗೆ ಮಾಡಿ ಮಗುಚಿ ಇಡುವುದು ಆ ಕಡೆಯ ಪದ್ಧತಿ. ಕಾಲಿಟ್ಟು ನಿಲ್ಲುವ ಮುಖ ಮೇಲಿರುವಂತೆ ರಾತ್ರಿ ಬಿಡಬಾರದು. ಬಿಟ್ಟರೆ ಯಾರಾದರೂ ಹತ್ತಿಕೊಳ್ಳುತ್ತಾರೆ ಎನ್ನುವರು. ಯಾರು ಎಂದು ಯಾರೂ ಹೇಳುವುದಿಲ್ಲ.

ಮೂವತ್ತೇಳನೆಯ ಇಸವಿಯ ಶ್ರಾವಣದಲ್ಲಿ ಒಂದು ದಿನ ಹಲಗೆಯ ಬಲತುದಿ ಕೆಸರಿನೊಳಗಿನ ಹೊಂಗೆಯ ಬೇರಿಗೆ ಸಿಕ್ಕಿತು. ಹಲಗೆ ಗಿರ್ರನೆ ತಿರುಗಿತು. ಬೀಳುತ್ತಿದ್ದ ಬಚ್ಚಮ್ಮ ತಮ್ಮನ ತೋಳಿಗೆ ಜೋತುಬಿದ್ದಳು. ಅವನ ಎಡಗೈಗೆ ಹಗ್ಗ ಸುತ್ತಿತ್ತು, ಎತ್ತುಗಳು ನಿಲ್ಲಲಿಲ್ಲ. ಭುಜ ಕಳಚಿದ ಸದ್ದು ಬದುವಿನ ಮೇಲಿದ್ದ ಅಂಜಮ್ಮನಿಗೂ ಕೇಳಿಸಿತು. ಹಸಿ ಕೊಂಬೆ ಸಿಗಿದ ಹಾಗಿತ್ತು ಅದು.

ಎಲ್ಲರೂ ಅವನನ್ನು ಗಾಡಿಗೆ ಹಾಕುವ ಗಡಿಬಿಡಿಯಲ್ಲಿದ್ದರು. ಹಲಗೆ ಗದ್ದೆಯ ನಡುವೆ, ಮುಖ ಮೇಲಾಗಿ, ಹಾಗೇ ಉಳಿಯಿತು. ಮಾರನೆಯ ಬೆಳಿಗ್ಗೆ ಅದನ್ನು ಕಂಡವಳು ನೆರೆಮನೆಯ ಮುದುಕಿ ದೊಡ್ಡಗಂಗಮ್ಮ. ಬದುವಿಗೆ ಎಳೆಸಿ ಮಗುಚಿ ಹಾಕಿಸಿದಳು. "ಆಗೋದು ಆಗೋಗಿರ್ತದೆ," ಎಂದಷ್ಟೇ ಹೇಳಿ ಕೈ ತೊಳೆದುಕೊಂಡಳು.

ನಾಟಿ ವೈದ್ಯನೊಬ್ಬ ಬಿದಿರು ಸೀಳು ಇಟ್ಟು ಕಟ್ಟಿದ. ಭುಜ ಕೂರಲಿಲ್ಲ, ಊದಿಕೊಂಡಿತು. ಆಮೇಲೆ ಗಾಡಿಯಲ್ಲಿ ಶ್ರೀನಿವಾಸಪುರ, ಅಲ್ಲಿಂದ ಚಿಕ್ಕ ರೈಲಿನಲ್ಲಿ ಕೋಲಾರದ ಆಸ್ಪತ್ರೆ. ಭುಜ ಕೊಯ್ದು ಒಳಗೆ ಹೊಲಿಯಬೇಕು ಎಂದರು. ಕೊಯ್ದರು. ಜೊತೆಗಿದ್ದವನು ಅಂಜಮ್ಮನ ತಮ್ಮ ರಾಮಚಂದ್ರಪ್ಪ. ಅವಳು ಮನೆಗೂ ಆಸ್ಪತ್ರೆಗೂ ಓಡಾಡುತ್ತಿದ್ದಳು.

ಬಚ್ಚಮ್ಮನಿಗೆ ಮೈ ಮೇಲೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಆದರೆ ಅವಳ ಬಾಯಿ ನಿಂತುಹೋಯಿತು. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ನೋಡುತ್ತಿದ್ದಳು, ಮುರಿಯುತ್ತಿರಲಿಲ್ಲ. ಅಂಜಮ್ಮ ಕೋಲಾರದಿಂದ ಬಂದ ದಿನವೆಲ್ಲ ಒಂದೇ ಪ್ರಶ್ನೆ.

"ಕೈ ಎತ್ತಿದ್ನಾ?"

"ಇನ್ನೂ ಕಟ್ಟು ಬಿಚ್ಚಿಲ್ಲ ವದಿನ," ಎನ್ನುತ್ತಿದ್ದಳು ಅಂಜಮ್ಮ. ತೆಲುಗಿನವರ ಹಾಗೆ ಗಂಡನ ಅಕ್ಕನನ್ನು ಅವಳು ವದಿನ ಎಂದೇ ಕರೆಯುತ್ತಿದ್ದಳು. "ಬಿಚ್ಚಿದ ಮೇಲೆ ಎತ್ತಾರೆ."

ಭಾದ್ರಪದದಲ್ಲಿ ಜ್ವರ ಬಂತು. ಒಂದು ಬೆಳಗಿನ ಜಾವ ಬಚ್ಚಮ್ಮ ಗೋಡೆಯ ಕಡೆ ತಿರುಗಿ, "ಎತ್ತಿದ್ನಾ?" ಎಂದು ಕೇಳಿದಳು. ಅಂಜಮ್ಮ ನೀರು ತರಲು ಎದ್ದಿದ್ದಳು. ಉತ್ತರ ಹೇಳಲು ತಿರುಗುವಷ್ಟರಲ್ಲಿ ಕೇಳಿದವಳು ಇರಲಿಲ್ಲ.

ಅದೇ ಬೆಳಗಿನ ಜಾವ ಕೋಲಾರದಲ್ಲಿ ಪೆದ್ದಪ್ಪ ರಾಮಚಂದ್ರಪ್ಪನನ್ನು ಎಬ್ಬಿಸಿದ್ದ. "ಭುಜದ ಮೇಲಿಂದ ಕೈ ತೆಗಿಯಪ್ಪ, ನೋಯ್ತದೆ," ಎಂದಿದ್ದ. ರಾಮಚಂದ್ರಪ್ಪ ಮಲಗಿದ್ದುದು ಮಂಚದ ಕೆಳಗೆ, ಚಾಪೆಯ ಮೇಲೆ. ಊರಿನಿಂದ ಆಳು ಬಂದು ಸಾವಿನ ಸುದ್ದಿ ಅವನೊಬ್ಬನ ಕಿವಿಗೆ ಹೇಳಿದಾಗ ಅವನು ಹೊತ್ತನ್ನು ತಾಳೆ ಹಾಕಿ ನೋಡಿದ.

ರೋಗಿಗೆ ಸಾವಿನ ಸುದ್ದಿ ಹೇಳಬಾರದು. ಅವನು ಎದೆ ಬಡಿದುಕೊಂಡು ಅತ್ತರೆ ಒಳಗಿನ ಹೊಲಿಗೆ ಬಿಡುತ್ತದೆ. ಆ ಊರಿನಲ್ಲಿ ಯಾರೂ ಇದರ ಬಗ್ಗೆ ಎರಡು ಮಾತಾಡಲಿಲ್ಲ. ಗುಂಡಿಗೆ ಮೊದಲ ಮಣ್ಣು ತಮ್ಮ ಹಾಕಬೇಕು, ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು ತುಪ್ಪ ತಮ್ಮ ಬಿಡಬೇಕು. ಮಣ್ಣನ್ನು ಅಂಜಮ್ಮನ ಕಡೆಯವರು ಹಾಕಿದರು. ಹಾಲು ತುಪ್ಪವನ್ನು ಅವನಿಗೆಂದೇ ಉಳಿಸಿದರು. "ಬಂದು ಬಿಡ್ಲಿ ಬಿಡು," ಎಂದಳು ದೊಡ್ಡಗಂಗಮ್ಮ. "ಅಲ್ಲೀಗಂಟ ಅವಳು ಕಾಯ್ತಾಳೆ."

ಮುದುಕಿ ಸಮಾಧಾನಕ್ಕೆಂದು ಹೇಳಿದ ಮಾತು ಅದು. ಅಂಜಮ್ಮನ ಎದೆಯಲ್ಲಿ ಅದು ಬೇರೆ ಥರ ಕೂತಿತು.

ದೀಪಾವಳಿಗೆ ಮುಂಚೆ ಪೆದ್ದಪ್ಪ ಕೈಯನ್ನು ಎದೆಗೆ ಕಟ್ಟಿಕೊಂಡು ಮನೆಗೆ ಬಂದ. ಹೊಸ್ತಿಲು ದಾಟುತ್ತಲೇ, "ಅಕ್ಕ ಎಲ್ಲಿ?" ಎಂದ.

"ಲಕ್ಕೂರಿಗೆ ಹೋಗವ್ರೆ. ಚಿಕ್ಕಮ್ಮನಿಗೆ ಹುಷಾರಿಲ್ವಂತೆ."

"ನಾನು ಬರೋ ಹೊತ್ಗೇ ಹೋದ್ಲಾ?"

"ಬರ್ತಾರೆ ಬಿಡಿ, ಅದೇನು ದೂರಾನಾ? ಮಾಲೂರಲ್ಲಿ ರೈಲು ಹತ್ತಿದ್ರೆ ಬಂದೇ ಬಂದ್ರು."

ಸೂತಕದ ವರ್ಷವಾದ್ದರಿಂದ ಹಬ್ಬ ಮಾಡಲಿಲ್ಲ. ಎಣ್ಣೆ ಸ್ನಾನ ಯಾಕಿಲ್ಲ ಎಂದು ಕೇಳಿದ. ಗಾಯಕ್ಕೆ ಎಣ್ಣೆ ಆಗುವುದಿಲ್ಲವಂತೆ ಎಂದಳು. ಕಜ್ಜಾಯ ಯಾಕಿಲ್ಲ ಎಂದು ಕೇಳಿದ. ಬೆಲ್ಲ ಸಿಗಲಿಲ್ಲ ಎಂದಳು. ಇನ್ನು ಸುಳ್ಳು ಹೇಳಲು ಮನೆಯಲ್ಲಿ ಸಾಮಾನೇ ಉಳಿದಿಲ್ಲ ಎನ್ನಿಸಿತು ಅವಳಿಗೆ. ಒಮ್ಮೆ ಹಲಗೆ ಹತ್ತಲಿ, ಕೈ ನೆಟ್ಟಗಾಗಲಿ, ಅವತ್ತೇ ಹೇಳಿಬಿಡುತ್ತೇನೆ ಎಂದು ತನ್ನೊಳಗೇ ಗೆರೆ ಎಳೆದುಕೊಂಡಳು.

ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ಅವನು ದಿನವೂ ಗೋಡೆಯೆದುರು ನಿಂತು ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತಿದ್ದ. ಎಲ್ಲಿಯವರೆಗೆ ಹೋಗುತ್ತವೋ ಅಲ್ಲಿ ಅಂಜಮ್ಮ ಇದ್ದಲಿನಿಂದ ಗೆರೆ ಹಾಕುತ್ತಿದ್ದಳು. ಗೆರೆ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮುಂದಕ್ಕೆ ಏರಲಿಲ್ಲ.

ಕೆರೆ ಕೋಡಿ ಹೋಗಿ ತಗ್ಗಿನ ಗದ್ದೆಗೆ ನೀರು ಬಂದಾಗ ಅವನು ತಾನೇ ಹೊರಟ. ಬೇಡವೆಂದರು. "ನಿಂತು ನೋಡ್ತೀನಿ, ಆಗ್ದಿದ್ರೆ ಇಳೀತೀನಿ," ಎಂದ. ಕೋದಂಡರಾಮಪ್ಪ ತೂಕಕ್ಕೆ ತಾನು ಹತ್ತುತ್ತೇನೆಂದರೆ, "ನೀನು ಹತ್ತಿದ್ರೆ ಬಾಯಿ ಭಾರಕ್ಕೇ ಮುಳುಗ್ತದೆ," ಎಂದು ನಕ್ಕ. ಶ್ರಾವಣದಿಂದ ಈಚೆಗೆ ಅವನು ನಕ್ಕದ್ದು ಅದೇ ಮೊದಲು.

ಹಲಗೆಯ ಎಡ ಅರ್ಧದಲ್ಲಿ ನಿಂತ. ಅಭ್ಯಾಸಬಲ. ಒಬ್ಬನೇ ಹತ್ತಿದವನು ನಡುವೆ ನಿಲ್ಲಬೇಕು, ಇಲ್ಲದಿದ್ದರೆ ಹಗುರಾದ ತುದಿ ಎದ್ದು ಹಲಗೆ ಮಗುಚುತ್ತದೆ. ಅಂಜಮ್ಮ ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಎತ್ತು ಹೊರಟಿತು.

ಹಲಗೆ ಮಗುಚಲಿಲ್ಲ. ಬಲತುದಿ ಏಳಲಿಲ್ಲ. ಎರಡು ತುದಿಯೂ ಸಮನಾಗಿ, ಆಳವಾಗಿ, ಕೆಸರನ್ನು ಒತ್ತುತ್ತ ಹೋಯಿತು. ಎತ್ತುಗಳು ಕತ್ತು ತಗ್ಗಿಸಿ ಜಗ್ಗಿದವು. ಅವನು ಎಡಗೈಯಲ್ಲಿ ಹಗ್ಗ ಹಿಡಿದಿದ್ದ, ಬಲಗೈ ಎದೆಗೆ ಅಂಟಿಕೊಂಡಿತ್ತು, ಬಲ ಭುಜ ಮಾತ್ರ ಯಾರೋ ಒರಗಿದಂತೆ ಸ್ವಲ್ಪ ಕೆಳಗೆ ಬಾಗಿತ್ತು. ನೀರು ಎರಡು ಕಡೆಗೂ ರೆಕ್ಕೆ ಬಿಚ್ಚಿತು. ಕೋದಂಡರಾಮಪ್ಪ ಕೆಣಕಲಿಲ್ಲ. ಗದ್ದೆಯನ್ನೇ ನೋಡುತ್ತಿದ್ದವನು ತಲೆಯ ಮೇಲಿನ ಬಟ್ಟೆಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಟುಹೋದ.

ಆ ದಿನ ಊಟಕ್ಕೆ ಕೂತಾಗ ಪೆದ್ದಪ್ಪನ ಮುಖದಲ್ಲಿ ಕಳೆಯಿತ್ತು.

"ಅಕ್ಕ ಯಾವಾಗ ಬಂದ್ಲೇ?" ಎಂದ.

ಅಂಜಮ್ಮನ ಕೈಯ ಸೌಟು ನಿಂತಿತು.

"ಒಂದು ಮಾತೂ ಆಡ್ಲಿಲ್ಲ. ಸುಮ್ನೆ ಬಂದು ಹತ್ತಿದ್ಲು. ಗಾಯ ನೋಯೋ ಹಾಗೆ ಒತ್ತಬೇಡ ಅಂದೆ, ಸಡಿಲ ಬಿಟ್ಲು."

ಹೇಳುತ್ತೇನೆಂದು ಎಳೆದುಕೊಂಡಿದ್ದ ಗೆರೆಯ ಮುಂದೆ ಅವಳು ನಿಂತಿದ್ದಳು. ಸೌಟನ್ನು ಪಾತ್ರೆಗೆ ಇಳಿಸಿ ಇನ್ನಷ್ಟು ಸಾರು ಬಡಿಸಿದಳು. ಅವನು ಹೆಂಡತಿಯ ಮುಖವನ್ನು ನೋಡಿದ. ಬಚ್ಚಮ್ಮ ಮಲಗುತ್ತಿದ್ದ ಮೂಲೆಯನ್ನು ನೋಡಿದ. ಅಲ್ಲಿ ಚಾಪೆ ಇರಲಿಲ್ಲ, ತಲೆದಿಂಬಿರಲಿಲ್ಲ. ಅವನ್ನು ಸಾವಿನ ಮನೆಯ ಪದ್ಧತಿಯಂತೆ ಎಂದೋ ಸುಟ್ಟಿದ್ದರು. ಅವನು ತಟ್ಟೆಯ ಕಡೆ ತಲೆ ಬಗ್ಗಿಸಿದ. ಎಡಗೈಯಲ್ಲಿ ಮುದ್ದೆ ಮುರಿದು ಉಂಡ.

ಅದಾದ ಮೇಲೆ ಅವನು ಅಕ್ಕ ಎಲ್ಲಿ ಎಂದು ಕೇಳಲೇ ಇಲ್ಲ. ಕೇಳದವನಿಗೆ ಹೇಳುವುದು ಹೇಗೆ ಎಂದು ಊರೂ ಸುಮ್ಮನಾಯಿತು. ಅವಳ ಹೆಸರಿನ ಎಡೆಯನ್ನು ಅಂಜಮ್ಮ ಪಿತೃಪಕ್ಷದಲ್ಲಿ ತವರಿಗೆ ಹೋಗಿ ಕದ್ದು ಇಟ್ಟು ಬರುತ್ತಿದ್ದಳು.

ಬದಲಾದದ್ದು ಒಂದೇ. ಕೆಲಸ ಮುಗಿದ ಮೇಲೆ ಅವನು ಹಲಗೆಯನ್ನು ತೊಳೆಯುತ್ತಿದ್ದ, ಮಗುಚುತ್ತಿರಲಿಲ್ಲ. ಮುಖ ಮೇಲೆ ಮಾಡಿ ಬದುವಿನ ಮೇಲೆ ಇಡುತ್ತಿದ್ದ. ಚಳಿಗಾಲದ ಒಂದು ಮುಂಜಾನೆ ಸಗಣಿ ಎತ್ತಲು ಹೋದ ಅಂಜಮ್ಮ ಅದನ್ನು ಹತ್ತಿರದಿಂದ ಕಂಡಳು. ಹುಲ್ಲೆಲ್ಲ ಮಂಜಿನಲ್ಲಿ ತೊಯ್ದಿತ್ತು. ಹಲಗೆಯ ಎಡ ಅರ್ಧವೂ ತೊಯ್ದಿತ್ತು. ಬಲ ಅರ್ಧದಲ್ಲಿ ಒಬ್ಬರು ಕೂರುವಷ್ಟು ಜಾಗ ಒಣಗಿಕೊಂಡಿತ್ತು. ಕೈ ಇಟ್ಟು ನೋಡಿದಳು. ಬೆಚ್ಚಗಿತ್ತು. ಬಿಸಿಲು ಇನ್ನೂ ಬಿದ್ದಿರಲಿಲ್ಲ.

ವರ್ಷಗಳು ಹೋದವು. ಯುದ್ಧ ಬಂತು, ಸೀಮೆಎಣ್ಣೆ ಹೋಯಿತು, ಭತ್ತಕ್ಕೆ ಸರ್ಕಾರದ ಲೆವಿ ಬಂತು. ಪೆದ್ದಪ್ಪ ಎಂದಿನಂತೆ ಹಲಗೆಯ ಎಡಗಡೆಯಲ್ಲಿ ನಿಂತು ಗದ್ದೆ ಸಮ ಮಾಡಿದ. ಗೋಡೆಯ ಮೇಲಿನ ಇದ್ದಲಿನ ಗೆರೆಗೆ ಸುಣ್ಣ ಬಳಿದರೂ ಅದು ಕಾಣುತ್ತಲೇ ಇತ್ತು. ಅವನ ಬಲ ಭುಜ ಮಾತ್ರ ವರ್ಷ ವರ್ಷಕ್ಕೂ ಇಳಿಯುತ್ತ ಬಂತು, ಕೊನೆಗೆ ಅಂಗಿ ಒಂದು ಕಡೆಯಿಂದ ಜಾರಿ ಬೀಳುವಷ್ಟು. ಮೈ ಬತ್ತಿತು. ನಡೆಯುವಾಗ ಒಂದು ಮಗ್ಗುಲಿಗೆ ಬಾಗುತ್ತಿದ್ದ, ಯಾರನ್ನೋ ಆತುಕೊಂಡು ನಡೆಸುವವನ ಹಾಗೆ.

ಅಂಜಮ್ಮನಿಗೆ ಹೆದರಿಕೆ ಎರಡು ಕಡೆಯಿಂದಲೂ. ಹೇಳದಿದ್ದರೆ ಹಾಲು ತುಪ್ಪ ಕಾಣದವಳು ಹೀಗೇ ಜೋತುಬಿದ್ದು ಇವನನ್ನು ಕರೆದುಕೊಂಡು ಹೋಗುತ್ತಾಳೆ. ಹೇಳಿದರೆ, ಹಾಲು ತುಪ್ಪ ಬಿಟ್ಟರೆ, ಅವಳು ಇಳಿದುಹೋಗುತ್ತಾಳೆ. ಇವನು ಎಡಗಡೆ ನಿಂತ ಹಲಗೆ ಮಗುಚುತ್ತದೆ.

ಹೋದ ಕಾರ್ತಿಕದಲ್ಲಿ, ತಗ್ಗಿನ ಗದ್ದೆಗೆ ನೀರು ಬಿಟ್ಟ ದಿನ, ಅವನು ಬದುವಿನ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದಾಗ ಅವಳು ಹೇಳಿದಳು.

"ವದಿನ ಲಕ್ಕೂರಿಗೆ ಹೋಗ್ಲಿಲ್ಲ."

ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಆಸ್ಪತ್ರೇಲಿದ್ರಲ್ಲ, ಭಾದ್ರಪದದಲ್ಲಿ. ಜ್ವರ ಬಂದು ಹೋದ್ರು. ಹುಣಸೆ ತೋಪಲ್ಲಿ ಮಣ್ಣು ಮಾಡಿದ್ವಿ."

"ಯಾವ ಹೊತ್ತು?"

"ಬೆಳಗಿನ ಜಾವ."

ಅವನು ತಲೆಯಾಡಿಸಿದ. ಕೈ ತೊಳೆದುಕೊಂಡ.

"ನಿಮಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು ಅಂತ ಅಲ್ಲ ಕಣೇ. ಕೇಳಿದ್ರೆ ಹೊಂಟೋಗ್ತಾಳೆ ಅನ್ನಿಸ್ತು. ಅದಕ್ಕೇ ಕೇಳ್ಲಿಲ್ಲ."

"ಹಾಲು ತುಪ್ಪ ಬಿಟ್ಟಿಲ್ಲ. ನಿಮಗೇ ಅಂತ ಉಳಿಸವ್ರೆ."

"ಇಷ್ಟು ವರ್ಷಾನಾ?" ಎಂದ ಪೆದ್ದಪ್ಪ. ಸಿಟ್ಟಿನಿಂದಲ್ಲ. ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡೆವಲ್ಲ ಎನ್ನುವ ದನಿಯಲ್ಲಿ. ಆಮೇಲೆ, "ಕೊನೇಲಿ ಏನಂದ್ಲು?" ಎಂದ.

"ಕೈ ಎತ್ತಿದ್ನಾ ಅಂದ್ರು."

ಆ ಸಂಜೆಯೇ ಹುಣಸೆ ತೋಪಿಗೆ ಹೋದರು. ಗುಡ್ಡೆ ಸವೆದು ನೆಲಕ್ಕೆ ಸಮನಾಗಿತ್ತು. ಅಂಜಮ್ಮ ತೋರಿಸಿದ ಕಡೆ ಅವನು ಕೂತು, ಎಡಗೈಯಿಂದಲೇ ಹಾಲು ಬಿಡಲು ಹೋದ. ಎಡಗೈಯಿಂದ ಬಿಡಬಾರದು. ಅಂಜಮ್ಮ ಬಟ್ಟಲನ್ನು ಅವನ ಬಲಗೈಗೆ ಕೊಟ್ಟು ಕೆಳಗಿನಿಂದ ಆತು ಹಿಡಿದಳು. ಹಾಲು ಬಿದ್ದಲ್ಲಿ ಮಣ್ಣು ತಟ್ಟನೆ ಕುಡಿದುಬಿಟ್ಟಿತು, ಬೇಸಿಗೆಯ ಮಣ್ಣಿನ ಹಾಗೆ. ಹಿಂದಿನ ವಾರವೆಲ್ಲ ಮಳೆ ಬಿದ್ದಿತ್ತು.

ಮಾರನೆಯ ಮುಂಜಾನೆ ಅಂಜಮ್ಮ ಮೊದಲು ಹೋಗಿ ನೋಡಿದ್ದು ಹಲಗೆಯನ್ನು. ಈ ತುದಿಯಿಂದ ಆ ತುದಿಯವರೆಗೆ ಮಂಜು ಕೂತಿತ್ತು. ಒಣ ಜಾಗ ಇರಲಿಲ್ಲ. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತಳು. ಸಂತೋಷಕ್ಕೋ ದುಃಖಕ್ಕೋ ಅವಳಿಗೂ ತಿಳಿಯಲಿಲ್ಲ.

ಬಿಸಿಲೇರಿದ ಮೇಲೆ ಪೆದ್ದಪ್ಪ ಎತ್ತು ಹೂಡಿದ. ಎಡಗಡೆಗೆ ಹೋಗಿ ನಿಂತ. ಅವಳು ಈ ಸಲ ಕೂಗಿದಳು.

"ನಡುವೆ ನಿಂತ್ಕೊಳಿ."

ಅವನು ತನ್ನ ಬಲಕ್ಕೆ ತಿರುಗಿ ನೋಡಿದ. ಮೆಲ್ಲಗೆ ನಡುವಿಗೆ ಸರಿದ. ಎತ್ತು ಹೊರಟಿತು.

ಹಲಗೆ ಹಗುರಾಗಿ ಓಡಿತು. ಅದು ಕೆಸರನ್ನು ಒತ್ತುತ್ತಿರಲಿಲ್ಲ, ನೀರಿನ ಮೇಲೆಯೇ ಜಾರುತ್ತಿತ್ತು. ಹೆಂಟೆಗಳು ಹಾಗೇ ಉಳಿದವು. ಕೆಲಸವೆಂದು ನೋಡಿದರೆ ಅದು ಕೆಲಸವೇ ಅಲ್ಲ. ಎತ್ತುಗಳು ಕಿವಿ ನೆಟ್ಟಗೆ ಮಾಡಿ ಓಟಕ್ಕೆ ಬಿದ್ದವು. ಪೆದ್ದಪ್ಪ ಹಿಂದಕ್ಕೆ ವಾಲಿದ. ಬಲ ಭುಜ ಮೇಲೆದ್ದಿತು. ಬಲಗೈ ಎದೆಯನ್ನು ಬಿಟ್ಟು, ಗೋಡೆಯ ಗೆರೆಯ ಮಟ್ಟ ದಾಟಿ, ಗಲ್ಲದ ಮಟ್ಟ ದಾಟಿ, ತಲೆಯ ಮೇಲಕ್ಕೆ ಏರಿತು. ಹಾಗೆ ಕೈ ಎತ್ತಿಕೊಂಡೇ ಗದ್ದೆಯನ್ನು ಸುತ್ತಿ ಬಂದ. ಪಕ್ಕದ ಗದ್ದೆಯಿಂದ ಕೋದಂಡರಾಮಪ್ಪ, "ಲೇ, ಯಾರಿಗ್ಲಾ ಕೈ ತೋರಿಸ್ತಿದ್ದೀಯಾ?" ಎಂದ.

ಎತ್ತು ಬಿಚ್ಚಿ ನೆರಳಿಗೆ ಕಟ್ಟಿದ. ಹಲಗೆಯನ್ನು ತೊಳೆದು, ಎರಡು ಕೈಯಲ್ಲೂ ಎತ್ತಿ, ಬದುವಿನ ಮೇಲೆ ಮುಖ ಕೆಳಗೆ ಮಾಡಿ ಮಗುಚಿ ಇಟ್ಟ. ಅದನ್ನು ಕಂಡು ಅಂಜಮ್ಮನ ಎದೆಯ ಭಾರ ಇಳಿಯಿತು. ಬುತ್ತಿ ಇಟ್ಟಿದ್ದ ಮರದ ನೆರಳಿನ ಕಡೆಗೆ ಹೊರಟಳು. ಅಲ್ಲಿಂದ ತಿರುಗಿ ನೋಡಿದಾಗ ಅವನು ಇನ್ನೂ ಹಲಗೆಯ ಮುಂದೆಯೇ ನಿಂತಿದ್ದ.

ಸ್ವಲ್ಪ ಹೊತ್ತು ನಿಂತಿದ್ದವನು ಬಗ್ಗಿದ. ಹಲಗೆಯನ್ನು ಮತ್ತೆ ಮಗುಚಿ ಮುಖ ಮೇಲೆ ಮಾಡಿದ. ಹೆಗಲ ಮೇಲಿನ ಬಟ್ಟೆ ತೆಗೆದು ಬಲ ಅರ್ಧವನ್ನು ಒರೆಸಿದ. ತಾನು ಎಡ ಅರ್ಧದಲ್ಲಿ, ಒದ್ದೆಯ ಮೇಲೆ, ನೀರಿನ ಕಡೆ ಮುಖ ಮಾಡಿ ಕೂತ. ಆಮೇಲೆ ಬಲಗೈಯನ್ನು ಎತ್ತಿ ಪಕ್ಕಕ್ಕೆ ಚಾಚಿ, ಜೊತೆಯಲ್ಲಿ ಕೂತವರ ಭುಜದ ಮೇಲೆ ಇಡುವ ಹಾಗೆ ಇಟ್ಟ.